ಚಂದ್ರನ ಮೇಲಿನ ನೀರು

ಚಂದ್ರನ ಮೇಲಿನ ನೀರು ಎಂದರೆ ಭೂಮಿಯ ಏಕೈಕ ನೈಸರ್ಗಿಕ ಉಪಗ್ರಹವಾದ ಚಂದ್ರನ ನೆಲ, ಮಣ್ಣು ಹಾಗೂ ಶಿಲೆಗಳಲ್ಲಿ ಹಿಮಗಡ್ಡೆಯಾಗಿ, ಬಿಡಿ ಅಣುಗಳಾಗಿ ಅಥವಾ ಖನಿಜಗಳಲ್ಲಿ ಬೆರೆತು ಇರುವ ನೀರು. ಚಂದ್ರನಲ್ಲಿ ಕೆರೆ, ನದಿ, ಸಮುದ್ರಗಳಿಲ್ಲ. ಅಲ್ಲಿ ವಾಯುಮಂಡಲದ ಒತ್ತಡ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ನೀರು ದ್ರವರೂಪದಲ್ಲಿ ಮೇಲ್ಮೈಯ ಮೇಲೆ ನಿಲ್ಲಲಾರದು. 20ನೆಯ ಶತಮಾನದ ಬಹುಭಾಗದಲ್ಲಿ ಚಂದ್ರನು ಸಂಪೂರ್ಣ ಒಣಗಿದ ಕಾಯವೆಂದು ವಿಜ್ಞಾನಿಗಳು ನಂಬಿದ್ದರು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಚಂದ್ರಯಾನ-1 ನೌಕೆಯಲ್ಲಿದ್ದ ಉಪಕರಣದ ಮಾಹಿತಿಯನ್ನು ಆಧರಿಸಿ 2009ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಶೋಧವು ಈ ನಂಬಿಕೆಯನ್ನು ಬದಲಿಸಿತು. ಆ ಬಳಿಕ ಬೇರೆ ಬೇರೆ ದೇಶಗಳ ನೌಕೆಗಳು, ದೂರದರ್ಶಕಗಳು ಮತ್ತು ಪ್ರಯೋಗಾಲಯಗಳು ಚಂದ್ರನಲ್ಲಿ ನೀರಿನ ಇರುವಿಕೆಯನ್ನು ಪ್ರತ್ಯೇಕ ವಿಧಾನಗಳಿಂದ ದೃಢಪಡಿಸಿವೆ. ಆದರೆ ಅದರ ಒಟ್ಟು ಪ್ರಮಾಣದ ಕುರಿತು ಒಮ್ಮತ ಮೂಡಿಲ್ಲ.

ಒಣ ಚಂದ್ರನೆಂಬ ನಂಬಿಕೆ

ಬರಿಗಣ್ಣಿಗೆ ಕಾಣುವ ಚಂದ್ರನ ಕಪ್ಪು ಕಲೆಗಳನ್ನು 17ನೆಯ ಶತಮಾನದ ಯುರೋಪಿನ ಖಗೋಳಜ್ಞರು ಸಮುದ್ರಗಳೆಂದು ಕರೆದರು. ಶಾಂತಿ ಸಾಗರ ಮುಂತಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ವಾಸ್ತವದಲ್ಲಿ ಇವು ಹಿಂದೆ ಉಕ್ಕಿದ ಲಾವಾರಸವು ಹರಡಿ ತಣಿದು ಉಂಟಾದ ಬಸಾಲ್ಟ್ ಶಿಲೆಯ ಬಯಲುಗಳು. ಚಂದ್ರನಿಗೆ ಗಣನೀಯವಾದ ವಾಯುಮಂಡಲವಿಲ್ಲವೆಂಬುದು ಖಚಿತವಾದ ಮೇಲೆ ಅಲ್ಲಿ ನೀರಿರುವ ಸಾಧ್ಯತೆಯನ್ನೂ ಕೈಬಿಡಲಾಯಿತು. ಸಮಭಾಜಕದ ಬಳಿ ಹಗಲಿನ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅಲ್ಲಿ ತೆರೆದ ನೆಲದ ಮೇಲಿನ ಹಿಮವು ಆವಿಯಾಗಿ ಹೋಗುತ್ತದೆ. ಆವಿಯಾದ ನೀರಿನ ಅಣುಗಳಲ್ಲಿ ಹಲವನ್ನು ಸೂರ್ಯನ ನೇರಳಾತೀತ ಕಿರಣಗಳು ಒಡೆಯುತ್ತವೆ.

1969ರಿಂದ 1972ರವರೆಗೆ ಅಪೊಲೊ ಯೋಜನೆಯ ಆರು ಯಾನಗಳ ಗಗನಯಾತ್ರಿಗಳು ಒಟ್ಟು 382 ಕಿಲೋಗ್ರಾಂ ಕಲ್ಲು ಮಣ್ಣುಗಳನ್ನು ಭೂಮಿಗೆ ತಂದರು. ಅವುಗಳನ್ನು ಪರೀಕ್ಷಿಸಿದಾಗ ಭೂಮಿಯ ಶಿಲೆಗಳಲ್ಲಿ ಸಾಮಾನ್ಯವಾದ ಜೇಡಿಮಣ್ಣಿನಂತಹ ಜಲಯುಕ್ತ ಖನಿಜಗಳು ಕಾಣಲಿಲ್ಲ. ಕೆಲವು ಮಾದರಿಗಳಲ್ಲಿ ನೀರಿನ ಅಂಶ ಅತ್ಯಲ್ಪವಾಗಿ ಕಂಡರೂ ಅದು ಭೂಮಿಯ ಗಾಳಿಯಿಂದ ಸೇರಿಕೊಂಡದ್ದೆಂದು ಭಾವಿಸಲಾಯಿತು. ಮಾದರಿಗಳನ್ನು ತುಂಬಿದ ಕೆಲವು ಪೆಟ್ಟಿಗೆಗಳ ಮುಚ್ಚಳಗಳು ಧೂಳಿನ ಕಾರಣದಿಂದ ಸರಿಯಾಗಿ ಬಿಗಿಯಾಗಿರಲಿಲ್ಲವಾದ್ದರಿಂದ ಈ ವಿವರಣೆ ಸಹಜವಾಗಿಯೇ ಒಪ್ಪಿತವಾಯಿತು. ಅಪೊಲೊ 16 ತಂದ ಒಂದು ಕಲ್ಲಿನಲ್ಲಿದ್ದ ತುಕ್ಕಿಗೂ ಭೂಮಿಯ ತೇವಾಂಶವೇ ಕಾರಣವೆಂದು ಹಲವರು ಅಭಿಪ್ರಾಯಪಟ್ಟರು.

ಈ ತೀರ್ಮಾನಕ್ಕೆ ಒಂದು ಮಿತಿಯಿತ್ತು. ಅಪೊಲೊ ಯಾನಗಳೆಲ್ಲವೂ ಚಂದ್ರನ ಭೂಮಿಗೆ ಅಭಿಮುಖವಾದ ಬದಿಯಲ್ಲಿ, ಧ್ರುವಗಳಿಂದ ಬಹುದೂರದ ಪ್ರದೇಶಗಳಲ್ಲಿ ಇಳಿದಿದ್ದವು. ಧ್ರುವ ಪ್ರದೇಶದ ಮಣ್ಣನ್ನು ಯಾರೂ ಪರೀಕ್ಷಿಸಿರಲಿಲ್ಲ.

ಶಾಶ್ವತ ನೆರಳಿನ ಕುಳಿಗಳು

ಭೂಮಿಯ ಅಕ್ಷವು 23.5 ಡಿಗ್ರಿ ಓರೆಯಾಗಿದ್ದರೆ, ಸೂರ್ಯನನ್ನು ಸುತ್ತುವ ಸಮತಲಕ್ಕೆ ಹೋಲಿಸಿದಾಗ ಚಂದ್ರನ ಅಕ್ಷದ ಓರೆ ಸುಮಾರು 1.5 ಡಿಗ್ರಿ ಮಾತ್ರ. ಆದ್ದರಿಂದ ಚಂದ್ರನ ಧ್ರುವಗಳಲ್ಲಿ ಸೂರ್ಯನು ಯಾವಾಗಲೂ ದಿಗಂತದ ಅಂಚಿನಲ್ಲಿಯೇ ಸುತ್ತುತ್ತಾನೆ. ಅಲ್ಲಿನ ಆಳವಾದ ಕುಳಿಗಳ ತಳಕ್ಕೆ ಬಿಸಿಲು ತಲಪುವುದೇ ಇಲ್ಲ. ಇಂತಹ ಕೆಲವು ತಾಣಗಳ ಉಷ್ಣತೆ ಮೈನಸ್ 240 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿದೆಯೆಂದು ಅಮೆರಿಕದ ಲೂನಾರ್ ರಿಕಾನಿಸನ್ಸ್ ಆರ್ಬಿಟರ್ ನೌಕೆ ಅಳೆದಿದೆ. ಇಷ್ಟು ಶೀತದಲ್ಲಿ ಹಿಮವು ಕೋಟ್ಯಂತರ ವರ್ಷಗಳ ಕಾಲ ಆವಿಯಾಗದೆ ಉಳಿಯಬಲ್ಲದು. ಈ ತಾಣಗಳನ್ನು ಶೀತಬಲೆಗಳೆಂದು ಕರೆಯಲಾಗುತ್ತದೆ. ಚಂದ್ರನ ಬೇರೆಡೆಯಿಂದ ಅಲೆದು ಬಂದ ನೀರಿನ ಅಣು ಒಮ್ಮೆ ಇಲ್ಲಿ ಸಿಕ್ಕಿಕೊಂಡರೆ ಮತ್ತೆ ಹೊರಹೋಗುವುದು ಬಹಳ ಕಷ್ಟ.

ಈ ಕುಳಿಗಳಲ್ಲಿ ಹಿಮವಿರಬಹುದೆಂಬ ವಾದವನ್ನು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಕೆನೆತ್ ವಾಟ್ಸನ್, ಬ್ರೂಸ್ ಮರ‍್ರೆ ಮತ್ತು ಹ್ಯಾರಿಸನ್ ಬ್ರೌನ್ 1961ರಲ್ಲಿಯೇ ಮಂಡಿಸಿದ್ದರು. ಅಪೊಲೊ ಮಾದರಿಗಳು ಒಣಗಿದ್ದವೆಂದು ತಿಳಿದ ಮೇಲೆಯೂ 1979ರಲ್ಲಿ ಜೇಮ್ಸ್ ಆರ್ನಾಲ್ಡ್ ಈ ವಾದವನ್ನು ಮತ್ತೆ ಮುಂದಿಟ್ಟರು.

ಆರಂಭಿಕ ಸುಳಿವುಗಳು

1976ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಲೂನಾ-24 ನೌಕೆಯು ಚಂದ್ರನ ನೆಲವನ್ನು ಸುಮಾರು ಎರಡು ಮೀಟರ್ ಆಳಕ್ಕೆ ಕೊರೆದು 170 ಗ್ರಾಂ ಮಣ್ಣನ್ನು ಭೂಮಿಗೆ ಕಳುಹಿಸಿತು. ಅದರಲ್ಲಿ ತೂಕದ ಶೇಕಡ 0.1ರಷ್ಟು ನೀರಿದೆಯೆಂದು ಸೋವಿಯತ್ ವಿಜ್ಞಾನಿಗಳು 1978ರಲ್ಲಿ ವರದಿ ಮಾಡಿದರು. ಈ ವರದಿಯು ಪಶ್ಚಿಮದ ದೇಶಗಳಲ್ಲಿ ಹೆಚ್ಚಿನ ಗಮನ ಸೆಳೆಯಲಿಲ್ಲ.

1994ರಲ್ಲಿ ಅಮೆರಿಕದ ಕ್ಲೆಮೆಂಟೈನ್ ನೌಕೆ ದಕ್ಷಿಣ ಧ್ರುವದತ್ತ ರೇಡಿಯೊ ತರಂಗಗಳನ್ನು ಹಾಯಿಸಿದಾಗ ಹಿಮವನ್ನು ಸೂಚಿಸಬಹುದಾದ ಪ್ರತಿಧ್ವನಿ ದೊರೆಯಿತು. ಆದರೆ ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಿಂದ ನಡೆಸಿದ ವೀಕ್ಷಣೆಯಲ್ಲಿ ಬಿಸಿಲು ಬೀಳುವ ಪ್ರದೇಶಗಳಿಂದಲೂ ಇಂತಹದೇ ಪ್ರತಿಧ್ವನಿ ಬಂದಿತು. ಒರಟು ಕಲ್ಲುಗಳಿಂದಲೂ ಹಿಮದಿಂದಲೂ ಬರುವ ಪ್ರತಿಧ್ವನಿಗಳು ಒಂದನ್ನೊಂದು ಹೋಲುವುದರಿಂದ ಪ್ರಶ್ನೆ ಬಗೆಹರಿಯಲಿಲ್ಲ.

1998ರಲ್ಲಿ ಉಡಾವಣೆಯಾದ ಲೂನಾರ್ ಪ್ರಾಸ್ಪೆಕ್ಟರ್ ನೌಕೆಯು ನ್ಯೂಟ್ರಾನ್‌ಗಳನ್ನು ಎಣಿಸುವ ವಿಧಾನವನ್ನು ಬಳಸಿತು. ವಿಶ್ವಕಿರಣಗಳು ಚಂದ್ರನ ಮಣ್ಣಿಗೆ ಬಡಿದಾಗ ವೇಗದ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಗೋಲಿಯೊಂದು ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ತಾಗಿ ವೇಗ ಕಳೆದುಕೊಳ್ಳುವಂತೆ, ನ್ಯೂಟ್ರಾನ್ ತನ್ನಷ್ಟೇ ರಾಶಿಯ ಜಲಜನಕದ ಬೀಜಕ್ಕೆ ಬಡಿದಾಗ ನಿಧಾನವಾಗುತ್ತದೆ. ಧ್ರುವಗಳ ಮೇಲೆ ವೇಗದ ನ್ಯೂಟ್ರಾನ್‌ಗಳ ಸಂಖ್ಯೆ ಕಡಿಮೆಯಾದದ್ದು ಅಲ್ಲಿ ಜಲಜನಕ ಅಧಿಕವಾಗಿದೆಯೆಂಬುದನ್ನು ತೋರಿಸಿತು. ಆ ಜಲಜನಕವು ನೀರಿನ ಭಾಗವೋ ಅಲ್ಲವೋ ಎಂಬುದನ್ನು ಈ ವಿಧಾನದಿಂದ ಹೇಳಲಾಗದು. 1999ರ ಜುಲೈ 31ರಂದು ನೌಕೆಯನ್ನು ಉದ್ದೇಶಪೂರ್ವಕವಾಗಿ ದಕ್ಷಿಣ ಧ್ರುವದ ಬಳಿಯ ಕುಳಿಗೆ ಅಪ್ಪಳಿಸಲಾಯಿತಾದರೂ ಭೂಮಿಯ ದೂರದರ್ಶಕಗಳಿಗೆ ನೀರಿನ ಕುರುಹು ಸಿಗಲಿಲ್ಲ.

2008ರಲ್ಲಿ ಆಲ್ಬರ್ಟೊ ಸಾಲ್ ಮತ್ತು ಸಹೋದ್ಯೋಗಿಗಳು ಅಪೊಲೊ ಯಾನಗಳು ತಂದಿದ್ದ ಜ್ವಾಲಾಮುಖಿಜನ್ಯ ಗಾಜಿನ ಮಣಿಗಳನ್ನು ಸುಧಾರಿತ ಉಪಕರಣದಿಂದ ಪರೀಕ್ಷಿಸಿ, ಅವುಗಳಲ್ಲಿ ನೀರಿನ ಅಂಶವನ್ನು ಪತ್ತೆಹಚ್ಚಿದರು. ಮಣಿಯ ಅಂಚಿಗಿಂತ ನಡುಭಾಗದಲ್ಲಿ ಅದರ ಪ್ರಮಾಣ ಹೆಚ್ಚಿತ್ತು. ಭೂಮಿಯ ತೇವವು ಹೊರಗಿನಿಂದ ಸೇರಿದ್ದರೆ ಅಂಚಿನಲ್ಲಿ ಹೆಚ್ಚಿರಬೇಕಿತ್ತು. ಹೀಗೆ ಸುಮಾರು ನಾಲ್ಕು ದಶಕಗಳ ಕಾಲ ಪ್ರಯೋಗಾಲಯದಲ್ಲಿಯೇ ಇದ್ದ ಮಾದರಿಗಳಿಂದ ಚಂದ್ರನ ಒಳಗಿನ ನೀರಿಗೆ ಸಾಕ್ಷ್ಯ ದೊರೆಯಿತು.

ಚಂದ್ರಯಾನ-1

ಚಂದ್ರಯಾನ-1 ಭಾರತದ ಮೊದಲ ಚಂದ್ರಯಾನ. ಇಸ್ರೋದ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ, ಅಂದರೆ ಇಂದಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ, ಸಿದ್ಧವಾದ ಈ ನೌಕೆಯನ್ನು 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ11 ರಾಕೆಟ್ ಮೂಲಕ ಉಡಾಯಿಸಲಾಯಿತು. ನವೆಂಬರ್ 8ರಂದು ಅದು ಚಂದ್ರನ ಕಕ್ಷೆಯನ್ನು ಸೇರಿತು. ಅದರಲ್ಲಿದ್ದ 11 ಉಪಕರಣಗಳ ಪೈಕಿ ಐದು ಭಾರತದವು, ಉಳಿದ ಆರು ವಿದೇಶಗಳ ಸಂಸ್ಥೆಗಳಿಗೆ ಸೇರಿದವು. ನೌಕೆಯೊಡನೆ ಸಂಪರ್ಕಕ್ಕಾಗಿ ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 18 ಮೀಟರ್ ಹಾಗೂ 32 ಮೀಟರ್ ವ್ಯಾಸದ ಆಂಟೆನಾಗಳನ್ನು ಸ್ಥಾಪಿಸಲಾಯಿತು. ಎಂ. ಅಣ್ಣಾದೊರೈ ಯೋಜನಾ ನಿರ್ದೇಶಕರಾಗಿದ್ದರು.

2008ರ ನವೆಂಬರ್ 14ರಂದು ನೌಕೆಯಿಂದ ಬೇರ್ಪಟ್ಟ ಮೂನ್ ಇಂಪ್ಯಾಕ್ಟ್ ಪ್ರೋಬ್ ಎಂಬ ಘಟಕವು ಸುಮಾರು 25 ನಿಮಿಷಗಳ ಕಾಲ ಕೆಳಗಿಳಿದು ದಕ್ಷಿಣ ಧ್ರುವದ ಶ್ಯಾಕಲ್ಟನ್ ಕುಳಿಯ ಬಳಿ ಅಪ್ಪಳಿಸಿತು. ಅದರಲ್ಲಿದ್ದ ಚೇಸ್ ಎಂಬ ಉಪಕರಣವು ದಾರಿಯುದ್ದಕ್ಕೂ ಚಂದ್ರನ ಅತಿ ವಿರಳ ವಾಯುವಿನ ಅಣುಗಳನ್ನು ತೂಕಕ್ಕೆ ಅನುಗುಣವಾಗಿ ವಿಂಗಡಿಸಿ ದಾಖಲಿಸಿತು. ಅದರಲ್ಲಿ ನೀರಿನ ಅಣುಗಳ ಸೂಚನೆ ಇತ್ತೆಂಬ ಸಂಶೋಧನಾ ಪ್ರಬಂಧವು 2010ರಲ್ಲಿ ಪ್ರಕಟವಾಯಿತು.

ನಿರ್ಣಾಯಕ ಸಾಕ್ಷ್ಯ ಒದಗಿದ್ದು ಮೂನ್ ಮಿನರಾಲಜಿ ಮ್ಯಾಪರ್ ಎಂಬ ಉಪಕರಣದಿಂದ. ಸಂಕ್ಷಿಪ್ತವಾಗಿ ಎಂ-3 ಎಂದು ಕರೆಯಲಾಗುವ ಇದನ್ನು ಅಮೆರಿಕದ ನಾಸಾ ಒದಗಿಸಿತ್ತು. ಬ್ರೌನ್ ವಿಶ್ವವಿದ್ಯಾಲಯದ ಕಾರ್ಲೆ ಪೀಟರ್ಸ್ ಇದರ ಪ್ರಧಾನ ವಿಜ್ಞಾನಿ. ಚಂದ್ರನ ನೆಲದಿಂದ ಪ್ರತಿಫಲಿಸುವ ಸೂರ್ಯನ ಬೆಳಕನ್ನು ವಿವಿಧ ತರಂಗಾಂತರಗಳಾಗಿ ಬಿಡಿಸಿ ಯಾವ ಬೆಳಕು ಹೀರಲ್ಪಟ್ಟಿದೆ ಎಂಬುದನ್ನು ಅಳೆದು, ಅದರಿಂದ ಖನಿಜಗಳನ್ನು ಗುರುತಿಸುವುದು ಇದರ ಕೆಲಸವಾಗಿತ್ತು. ನೀರು ಹಾಗೂ ಹೈಡ್ರಾಕ್ಸಿಲ್ ಅಣುಗಳು 2.8ರಿಂದ 3 ಮೈಕ್ರೋಮೀಟರ್ ಆಸುಪಾಸಿನ ಅವಗೆಂಪು ಬೆಳಕನ್ನು ಹೀರುತ್ತವೆ. ಚಂದ್ರನ ವಿಶಾಲ ಪ್ರದೇಶಗಳಲ್ಲಿ, ಅದರಲ್ಲಿಯೂ ಧ್ರುವಗಳತ್ತ ಸಾಗಿದಂತೆ, ಈ ಹೀರುವಿಕೆ ಕಂಡುಬಂದಿತು. ಹೈಡ್ರಾಕ್ಸಿಲ್ ಎಂಬುದು ಒಂದು ಆಮ್ಲಜನಕ ಹಾಗೂ ಒಂದು ಜಲಜನಕ ಪರಮಾಣುಗಳ ಜೋಡಿ. ಇದಕ್ಕೆ ಇನ್ನೊಂದು ಜಲಜನಕ ಸೇರಿದರೆ ನೀರಾಗುತ್ತದೆ.

ಚಂದ್ರನು ಒಣಗಿದ ಕಾಯವೆಂಬ ಭಾವನೆ ದೃಢವಾಗಿದ್ದುದರಿಂದ ಎಂ-3 ತಂಡವು ಮೊದಲು ಉಪಕರಣದಲ್ಲಿಯೇ ದೋಷವಿರಬಹುದೆಂದು ಸಂಶಯಿಸಿ ಪರಿಶೀಲಿಸಿತು. ಬಳಿಕ ಬೇರೆ ಎರಡು ನೌಕೆಗಳ ಮಾಹಿತಿಯೊಡನೆ ಹೋಲಿಸಲಾಯಿತು. ಶನಿ ಗ್ರಹದತ್ತ ಹೊರಟಿದ್ದ ಕ್ಯಾಸಿನಿ ನೌಕೆಯು 1999ರಲ್ಲಿ ಚಂದ್ರನನ್ನು ಹಾದುಹೋಗುವಾಗ ದಾಖಲಿಸಿದ್ದ ಮಾಹಿತಿಯಲ್ಲಿ ಇದೇ ಗುರುತು ಇತ್ತು. ಡೀಪ್ ಇಂಪ್ಯಾಕ್ಟ್ ನೌಕೆಯು 2009ರ ಜೂನ್‌ನಲ್ಲಿ ಚಂದ್ರನನ್ನು ವೀಕ್ಷಿಸಿ ಅದನ್ನೇ ಕಂಡಿತಲ್ಲದೆ, ಹಗಲಿನ ಹೊತ್ತಿಗೆ ತಕ್ಕಂತೆ ಗುರುತಿನ ತೀವ್ರತೆ ಬದಲಾಗುವುದನ್ನೂ ತೋರಿಸಿತು. ಮೂರೂ ತಂಡಗಳ ಪ್ರಬಂಧಗಳು 2009ರ ಸೆಪ್ಟೆಂಬರ್ 24ರಂದು ಸೈನ್ಸ್ ನಿಯತಕಾಲಿಕದಲ್ಲಿ ಒಟ್ಟಿಗೆ ಪ್ರಕಟವಾದವು.

ಈ ಶೋಧ ಪ್ರಕಟವಾಗುವ ಹೊತ್ತಿಗೆ ಚಂದ್ರಯಾನ-1 ಮೌನವಾಗಿತ್ತು. ಅತಿಯಾದ ಉಷ್ಣತೆ ಹಾಗೂ ನಕ್ಷತ್ರ ಸಂವೇದಕಗಳ ವೈಫಲ್ಯದಿಂದ ಬಳಲಿದ ನೌಕೆಯು ಎರಡು ವರ್ಷ ಕಾರ್ಯನಿರ್ವಹಿಸಬೇಕಿದ್ದರೂ 312 ದಿನಗಳ ನಂತರ, 2009ರ ಆಗಸ್ಟ್ 29ರಂದು, ಸಂಪರ್ಕ ಕಳೆದುಕೊಂಡಿತು.

ಎಲ್‌ಕ್ರಾಸ್ ಪ್ರಯೋಗ

ಶಾಶ್ವತ ನೆರಳಿನ ಕುಳಿಯ ಮಣ್ಣನ್ನು ಮೇಲಕ್ಕೆ ಚಿಮ್ಮಿಸಿ ಬಿಸಿಲಿನಲ್ಲಿ ಪರೀಕ್ಷಿಸುವ ಉದ್ದೇಶದಿಂದ ನಾಸಾ 2009ರ ಜೂನ್‌ನಲ್ಲಿ ಎಲ್‌ಕ್ರಾಸ್ ನೌಕೆಯನ್ನು ಉಡಾಯಿಸಿತು. ಅದೇ ವರ್ಷ ಅಕ್ಟೋಬರ್ 9ರಂದು ಎರಡು ಟನ್‌ಗೂ ಹೆಚ್ಚು ತೂಕದ ಖಾಲಿ ರಾಕೆಟ್ ಹಂತವೊಂದನ್ನು ದಕ್ಷಿಣ ಧ್ರುವದ ಬಳಿಯ ಕ್ಯಾಬಿಯಸ್ ಕುಳಿಗೆ ಅಪ್ಪಳಿಸಲಾಯಿತು. ಅದರ ಹಿಂದೆಯೇ ಬರುತ್ತಿದ್ದ ವೀಕ್ಷಕ ನೌಕೆಯು ಚಿಮ್ಮಿದ ಧೂಳಿನ ಮಾಹಿತಿಯನ್ನು ಭೂಮಿಗೆ ಕಳುಹಿಸುತ್ತ, ಸುಮಾರು ನಾಲ್ಕು ನಿಮಿಷಗಳ ಬಳಿಕ ತಾನೂ ಅಪ್ಪಳಿಸಿತು. ಭೂಮಿಯಿಂದ ನೋಡುತ್ತಿದ್ದವರಿಗೆ ನಿರೀಕ್ಷಿಸಿದ ಧೂಳಿನ ಮೋಡ ಕಾಣಲಿಲ್ಲ. ಆದರೆ ನೌಕೆಯ ಉಪಕರಣಗಳು ನೀರಾವಿ ಹಾಗೂ ಹಿಮವನ್ನು ಗುರುತಿಸಿದ್ದವು. ನವೆಂಬರ್ 13ರಂದು ಈ ಫಲಿತಾಂಶವನ್ನು ಘೋಷಿಸಲಾಯಿತು. ವೀಕ್ಷಿಸಿದ ಧೂಳಿನಲ್ಲಿ ಸುಮಾರು 155 ಕಿಲೋಗ್ರಾಂ ನೀರಿತ್ತೆಂದೂ, ಅಪ್ಪಳಿಸಿದ ಸ್ಥಳದ ಮಣ್ಣಿನ ತೂಕದಲ್ಲಿ ನೀರಿನ ಪಾಲು ಸರಾಸರಿ ಶೇಕಡ 5.6 ಎಂದೂ 2010ರಲ್ಲಿ ಲೆಕ್ಕಹಾಕಲಾಯಿತು. ಈ ಅಂದಾಜಿನಲ್ಲಿ ಶೇಕಡ 2.9ರಷ್ಟು ಹೆಚ್ಚು ಕಡಿಮೆಯಾಗುವ ಅವಕಾಶವಿದೆ.

ನಂತರದ ಶೋಧಗಳು

ಎಂ-3 ಸಂಗ್ರಹಿಸಿದ ಮಾಹಿತಿಯ ಉಪಯೋಗ ನೌಕೆಯೊಡನೆ ಮುಗಿಯಲಿಲ್ಲ. 2018ರಲ್ಲಿ ಶುವಾಯ್ ಲಿ ನೇತೃತ್ವದ ತಂಡವು ಅದನ್ನು ಮರುವಿಶ್ಲೇಷಿಸಿತು. ಕುಳಿಗಳ ಗೋಡೆಯಿಂದ ಚದುರಿ ನೆರಳಿನೊಳಗೆ ಬೀಳುವ ಮಂದ ಬೆಳಕಿನಲ್ಲಿ ಹಿಮದ ವಿಶಿಷ್ಟ ಗುರುತುಗಳನ್ನು ಈ ತಂಡ ಹುಡುಕಿತು. ಎರಡೂ ಧ್ರುವಗಳಲ್ಲಿ ಮೇಲ್ಮೈಯಲ್ಲಿಯೇ ತೆರೆದುಕೊಂಡಿರುವ ಹಿಮಕ್ಕೆ ಇದರಿಂದ ನೇರ ಸಾಕ್ಷ್ಯ ದೊರೆಯಿತು. ದಕ್ಷಿಣ ಧ್ರುವದಲ್ಲಿ ಹಿಮ ಹೆಚ್ಚಾಗಿ ಕಂಡಿತು. ಆದರೆ ಶೀತಬಲೆಗಳ ಒಟ್ಟು ವಿಸ್ತೀರ್ಣದಲ್ಲಿ ಸುಮಾರು ಶೇಕಡ 3.5ರಷ್ಟು ಭಾಗದಲ್ಲಿ ಮಾತ್ರ ಈ ಗುರುತುಗಳಿದ್ದವು.

2020ರ ಅಕ್ಟೋಬರ್‌ನಲ್ಲಿ ಕೇಸಿ ಹಾನಿಬಾಲ್ ನೇತೃತ್ವದ ತಂಡವು ಬಿಸಿಲು ಬೀಳುವ ಕ್ಲೇವಿಯಸ್ ಕುಳಿಯಲ್ಲಿ ನೀರಿನ ಅಣುಗಳನ್ನು ಪತ್ತೆಹಚ್ಚಿತು. ವಿಮಾನದಲ್ಲಿ ಅಳವಡಿಸಿದ ಸೋಫಿಯಾ ದೂರದರ್ಶಕದಿಂದ 6 ಮೈಕ್ರೋಮೀಟರ್ ತರಂಗಾಂತರದಲ್ಲಿ ಈ ವೀಕ್ಷಣೆ ನಡೆಯಿತು. ಈ ತರಂಗಾಂತರದಲ್ಲಿ ನೀರು ಮಾತ್ರ ಗುರುತನ್ನು ತೋರುತ್ತದೆ, ಹೈಡ್ರಾಕ್ಸಿಲ್ ತೋರುವುದಿಲ್ಲ. ಹಾಗಾಗಿ 2009ರಿಂದ ಉಳಿದಿದ್ದ ಒಂದು ಸಂದೇಹ ಪರಿಹಾರವಾಯಿತು. ನೀರಿನ ಪ್ರಮಾಣವು ಹತ್ತು ಲಕ್ಷ ಭಾಗಗಳಲ್ಲಿ 100ರಿಂದ 412 ಭಾಗಗಳಷ್ಟಿತ್ತು. ಸಹಾರಾ ಮರುಭೂಮಿಯ ಮಣ್ಣಿನಲ್ಲಿ ಇದರ ಸುಮಾರು ನೂರು ಪಟ್ಟು ನೀರಿದೆಯೆಂದು ನಾಸಾ ಹೋಲಿಸಿದೆ.

2020ರ ಡಿಸೆಂಬರ್‌ನಲ್ಲಿ ಚೀನಾದ ಚಾಂಗ್'ಎ-5 ನೌಕೆಯು 1,731 ಗ್ರಾಂ ಮಣ್ಣನ್ನು ಭೂಮಿಗೆ ತಂದಿತು. ಉಲ್ಕೆಗಳ ಬಡಿತದಿಂದ ಉಂಟಾದ ಅದರಲ್ಲಿನ ಗಾಜಿನ ಮಣಿಗಳು ಸೌರಮಾರುತದಿಂದ ರೂಪುಗೊಂಡ ನೀರನ್ನು ಹಿಡಿದಿಟ್ಟುಕೊಂಡಿರುವುದು 2023ರಲ್ಲಿ ವರದಿಯಾಯಿತು.

2023ರ ಆಗಸ್ಟ್ 23ರಂದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಇಳಿದ ಚಂದ್ರಯಾನ-3ರ ಚಾಸ್ಟೆ ಉಪಕರಣವು ನೆಲದೊಳಕ್ಕೆ ಇಳಿದು ವಿವಿಧ ಆಳಗಳಲ್ಲಿ ಉಷ್ಣತೆಯನ್ನು ಅಳೆಯಿತು. ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಉಷ್ಣತೆ ತೀವ್ರವಾಗಿ ಕುಸಿಯುವುದು ತಿಳಿದುಬಂದಿತು. ಧ್ರುವದ ಕಡೆಗೆ ಮುಖ ಮಾಡಿದ ಕಡಿದಾದ ಇಳಿಜಾರುಗಳಲ್ಲಿ, ಧ್ರುವದಿಂದ ಸಾಕಷ್ಟು ದೂರದಲ್ಲಿಯೂ, ನೆಲದಡಿ ಹಿಮ ಉಳಿದಿರಬಹುದೆಂದು ಈ ಮಾಹಿತಿಯನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವು ಅಭಿಪ್ರಾಯಪಟ್ಟಿದೆ.

ನೀರಿನ ಮೂಲಗಳು

ಚಂದ್ರನಿಗೆ ನೀರು ಒದಗಿದ ಮೂರು ಮುಖ್ಯ ದಾರಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

* ಸೌರಮಾರುತ: ಸೂರ್ಯನಿಂದ ನಿರಂತರವಾಗಿ ಹೊರಹೊಮ್ಮುವ ಜಲಜನಕದ ಬೀಜಗಳು ಚಂದ್ರನ ಮಣ್ಣಿಗೆ ಬಡಿದು, ಖನಿಜಗಳಲ್ಲಿರುವ ಆಮ್ಲಜನಕದೊಡನೆ ಸೇರಿ ಹೈಡ್ರಾಕ್ಸಿಲ್ ಹಾಗೂ ನೀರನ್ನು ಉಂಟುಮಾಡುತ್ತವೆ. ಇದು ಇಂದಿಗೂ ನಡೆಯುತ್ತಿರುವ ಕ್ರಿಯೆ.
* ಧೂಮಕೇತು ಮತ್ತು ಕ್ಷುದ್ರಗ್ರಹಗಳು: ಇವು ಚಂದ್ರನಿಗೆ ಅಪ್ಪಳಿಸಿದಾಗ ಅವುಗಳಲ್ಲಿರುವ ನೀರಿನ ಒಂದು ಭಾಗ ಅಲ್ಲಿಯೇ ಉಳಿಯುತ್ತದೆ.
* ಜ್ವಾಲಾಮುಖಿಗಳು: ಕೋಟ್ಯಂತರ ವರ್ಷಗಳ ಹಿಂದೆ ಚಂದ್ರನ ಒಳಗಿನಿಂದ ಉಕ್ಕಿದ ಶಿಲಾರಸದೊಡನೆ ನೀರಾವಿಯೂ ಹೊರಬಂದಿದೆ. ಗಾಜಿನ ಮಣಿಗಳಲ್ಲಿ ದೊರೆತ ನೀರು ಇದಕ್ಕೆ ಸಾಕ್ಷಿ.

ಪ್ರಮಾಣದ ಕುರಿತ ಭಿನ್ನಾಭಿಪ್ರಾಯ

ಚಂದ್ರಯಾನ-1ರಲ್ಲಿದ್ದ ಮಿನಿ-ಸಾರ್ ಎಂಬ ರೇಡಾರ್ ಉತ್ತರ ಧ್ರುವದ ಬಳಿ 40ಕ್ಕೂ ಹೆಚ್ಚು ಸಣ್ಣ ಕುಳಿಗಳಲ್ಲಿ ಹಿಮದ ಸೂಚನೆಯನ್ನು ಕಂಡಿದೆಯೆಂದೂ, ಅಲ್ಲಿ ಕನಿಷ್ಠ 60 ಕೋಟಿ ಟನ್ ಹಿಮವಿರಬಹುದೆಂದೂ 2010ರಲ್ಲಿ ಅಂದಾಜಿಸಲಾಯಿತು. ಹಿಮದ ಪದರವು ಕೆಲವು ಮೀಟರ್ ದಪ್ಪವಾಗಿದ್ದರೆ ಮಾತ್ರ ಈ ಅಂದಾಜು ಸರಿಯಾಗುತ್ತದೆ. ಕುಳಿಯೊಳಗಿನ ಒರಟು ಕಲ್ಲುಗಳೇ ಇಂತಹ ಪ್ರತಿಧ್ವನಿಗೆ ಕಾರಣವೆಂಬ ವಾದವೂ ಇದೆ. ಜಪಾನಿನ ಕಗುಯಾ ನೌಕೆಯು 2008ರಲ್ಲಿ ಶ್ಯಾಕಲ್ಟನ್ ಕುಳಿಯ ತಳದ ಚಿತ್ರಗಳನ್ನು ತೆಗೆದಾಗ ಅಲ್ಲಿ ಹೊಳೆಯುವ ಹಿಮದ ಹಾಸು ಕಾಣಲಿಲ್ಲ. ಬಹುತೇಕ ಹಿಮವು ಮಣ್ಣಿನ ಕಣಗಳೊಡನೆ ಬೆರೆತಿರಬಹುದು ಅಥವಾ ಚದುರಿದ ತುಣುಕುಗಳಾಗಿರಬಹುದೆಂದು ಇದರಿಂದ ಊಹಿಸಲಾಗಿದೆ.

ಬಿಸಿಲಿನ ಪ್ರದೇಶದ ನೀರು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆಯೇ ಎಂಬುದೂ ಚರ್ಚೆಯಲ್ಲಿದೆ. ಬಿಸಿಯಾದ ನೆಲವು ತಾನೇ 3 ಮೈಕ್ರೋಮೀಟರ್ ಬಳಿಯ ಕಿರಣಗಳನ್ನು ಹೊರಸೂಸುವುದರಿಂದ, ಆ ಪ್ರಮಾಣವನ್ನು ಲೆಕ್ಕದಿಂದ ಕಳೆಯುವ ರೀತಿಯನ್ನು ಅವಲಂಬಿಸಿ ಫಲಿತಾಂಶಗಳು ಬೇರೆಯಾಗುತ್ತವೆ. ಹಿಮದ ನಿಜವಾದ ಪ್ರಮಾಣವನ್ನು ತಿಳಿಯಲು ಧ್ರುವದ ನೆಲವನ್ನು ಕೊರೆದು ಪರೀಕ್ಷಿಸುವುದು ಅಗತ್ಯ. ಭಾರತ ಮತ್ತು ಜಪಾನ್ ಜಂಟಿಯಾಗಿ ರೂಪಿಸಿರುವ ಲೂಪೆಕ್ಸ್ ಯೋಜನೆಯ ಉದ್ದೇಶ ಇದೇ ಆಗಿದೆ.

ಮಹತ್ವ

ಭೂಮಿಯಿಂದ ಚಂದ್ರನಿಗೆ ನೀರನ್ನು ಸಾಗಿಸುವುದು ಅತ್ಯಂತ ದುಬಾರಿ. ಅಲ್ಲಿನ ಹಿಮವನ್ನು ಕರಗಿಸಿ ಕುಡಿಯಲು ಬಳಸಬಹುದು. ವಿದ್ಯುತ್ತಿನಿಂದ ವಿಭಜಿಸಿದರೆ ಉಸಿರಾಟಕ್ಕೆ ಆಮ್ಲಜನಕವೂ ರಾಕೆಟ್ ಇಂಧನಕ್ಕೆ ಜಲಜನಕವೂ ದೊರೆಯುತ್ತವೆ. ಹಲವು ದೇಶಗಳು ದಕ್ಷಿಣ ಧ್ರುವದತ್ತ ಆಸಕ್ತಿ ತೋರಲು ಇದು ಒಂದು ಪ್ರಮುಖ ಕಾರಣ.

ವಿಜ್ಞಾನದ ದೃಷ್ಟಿಯಿಂದ ಈ ಹಿಮವು ಒಂದು ದಾಖಲೆಯೂ ಹೌದು. ಭೂಮಿಯಲ್ಲಿ ಮಳೆ, ಗಾಳಿ ಮತ್ತು ಭೂಫಲಕಗಳ ಚಲನೆಯಿಂದ ಅಳಿಸಿಹೋಗಿರುವ ಪ್ರಾಚೀನ ಕಾಲದ ಕುರುಹುಗಳು ಚಂದ್ರನ ಶೀತಬಲೆಗಳಲ್ಲಿ ಉಳಿದಿರಬಹುದು. ಭೂಮಿಗೆ ನೀರು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಅವು ಬೆಳಕು ಚೆಲ್ಲಬಲ್ಲವು. ಆದರೆ ಚಂದ್ರನ ಮೇಲೆ ಇಳಿಯುವ ನೌಕೆಗಳ ಎಂಜಿನ್‌ಗಳು ಹೊರಬಿಡುವ ಅನಿಲದಲ್ಲಿಯೂ ನೀರಾವಿ ಇರುತ್ತದೆ. ಅದು ಚಂದ್ರನ ಸುತ್ತ ಹರಡಿ ಶೀತಬಲೆಗಳನ್ನು ಸೇರಬಲ್ಲದೆಂದು ಗಣಕಯಂತ್ರದ ಅನುಕರಣೆಗಳು ತೋರಿಸಿವೆ. ಆದ್ದರಿಂದ ಹಿಮವನ್ನು ಬಳಸುವ ಮೊದಲು, ಹಾಗೂ ಅದು ಕಲಬೆರಕೆಯಾಗುವ ಮೊದಲು, ಅಧ್ಯಯನ ಮಾಡಬೇಕೆಂದು ವಿಜ್ಞಾನಿಗಳು ಒತ್ತಾಯಿಸುತ್ತಾರೆ.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವುದೇ ದೇಶವು ಚಂದ್ರನ ಮೇಲೆ ಸಾರ್ವಭೌಮತ್ವವನ್ನು ಸ್ಥಾಪಿಸುವಂತಿಲ್ಲ. ಅಲ್ಲಿನ ಸಂಪನ್ಮೂಲಗಳನ್ನು ತೆಗೆದು ಬಳಸುವ ಹಕ್ಕಿನ ಕುರಿತು ಆ ಒಪ್ಪಂದದಲ್ಲಿ ಸ್ಪಷ್ಟ ನಿಯಮವಿಲ್ಲ. ಅಮೆರಿಕದ ನೇತೃತ್ವದ ಆರ್ಟೆಮಿಸ್ ಒಡಂಬಡಿಕೆಯು ಇಂತಹ ಬಳಕೆಯನ್ನು ಸಮ್ಮತಿಸುತ್ತದೆ. ಭಾರತವು 2023ರ ಜೂನ್‌ನಲ್ಲಿ ಇದಕ್ಕೆ ಸಹಿ ಹಾಕಿತು. ಚೀನಾ ಮತ್ತು ರಷ್ಯಾ ಈ ಒಡಂಬಡಿಕೆಯಿಂದ ಹೊರಗಿವೆ.

ಇದನ್ನೂ ನೋಡಿ

* ಚಂದ್ರ
* ಚಂದ್ರಯಾನ-1
* ಚಂದ್ರಯಾನ-3
* ಅಪೊಲೊ ಯೋಜನೆ
* ಸೌರಮಾರುತ
* ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ